ಖಾಲಿ ಗೋಡೆ ಓದಿದ ಕೋಲು ಮಾಸ್ತರ

ನಾನು ಕಾಸರಕೋಡಿನ ಆಶಾ ಕಾರ್ಯಕರ್ತೆ. ಹೆಸರು ಪ್ರಿಯಾ. ನಮ್ಮ ಕೇರಿಯಲ್ಲಿ ಯಾರಿಗೆ ಎಷ್ಟನೇ ತಿಂಗಳು, ಯಾರ ಬಿ.ಪಿ. ಎಷ್ಟು, ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನುಂಗದೆ ಹಿತ್ತಿಲಿಗೆ ಎಸೆಯುವವರು ಯಾರು, ಎಲ್ಲ ನನಗೆ ಗೊತ್ತು. ಗೊತ್ತು ಅಂತ ಹನ್ನೊಂದು ವರ್ಷ ಎದೆಯುಬ್ಬಿಸಿಕೊಂಡು ತಿರುಗಿದೆ. ಆ ಜಂಬ ಇಳಿದದ್ದು ಕಳೆದ ಜನವರಿಯ ಒಂದು ಬೆಳಿಗ್ಗೆ, ನಮ್ಮೂರ ಶಾಲೆಯ ಎರಡನೇ ಕೋಣೆಯಲ್ಲಿ. ಇಳಿಸಿದವನು ದೇವು ಮಾಸ್ತರ.

ಮಾಸ್ತರ ಅಂದರೆ ಶಾಲೆಯ ಮಾಸ್ತರನಲ್ಲ. ಅವನು ಶಾಲೆ ಬಿಟ್ಟದ್ದೇ ಏಳನೇ ಇಯತ್ತೆಯಲ್ಲಿ. ಅಪ್ಪನ ದೋಣಿಯಲ್ಲಿ ನಾಲ್ಕಾರು ವರ್ಷ ದುಡಿದು, ಮುಂಬೈಗೆ ಹೋಗಿ, ಅಲ್ಲಿಂದ ಸರಕಿನ ಹಡಗು ಹತ್ತಿದ. ಇಪ್ಪತ್ಮೂರು ವರ್ಷ ಹಡಗಿನ ಡೆಕ್ ತೊಳೆದು, ಬಣ್ಣ ಬಳಿದು, ಹಗ್ಗ ಎಳೆದ. ಮದುವೆ ಮಾಡಿಕೊಳ್ಳಲಿಲ್ಲ. ಹಡಗಿನ ಕಂಪನಿ ಮುಚ್ಚಿದಾಗ ಊರಿಗೆ ಬಂದು, ಗಂಡನಿಲ್ಲದ ತಂಗಿ ಲಕ್ಕಿಯ ಮನೆಯಲ್ಲಿ ಉಳಿದ. ಹಡಗಿನಿಂದ ಬಂದವರು ಸೆಂಟು, ಕಂಬಳಿ, ಟೀವಿ ತರುತ್ತಾರೆ. ಇವನು ಒಂದು ಟ್ರಂಕು ಮತ್ತು ತೋಳುದ್ದದ ಒಂದು ಬೆತ್ತ ತಂದ. ಒಣಮೀನು ಮಾರುವ ಲಕ್ಕಿಯ ಬಾಯಿ ಮೊದಲೇ ಖಾರ.

"ಬೆತ್ತ ಭಟ್ಕಳ ಪೇಟೆಲೇ ಸಿಗ್ತಿತ್ತಲ್ಲ. ಅದಕ್ಕೆ ಇಪ್ಪತ್ಮೂರು ವರ್ಷ ಸಮುದ್ರ ಸುತ್ತಬೇಕಿತ್ತಾ?" ಅಂದಳಂತೆ.

ಆ ಬೆತ್ತದ ಹಿಂದೆ ರೊಡೆಲ್ ಎಂಬ ಫಿಲಿಪೀನ್ಸಿನವನಿದ್ದ. ಸೆಬು ಎಂಬ ಊರಿನವನು, ದೇವುವಿನ ಹಡಗಿನಲ್ಲಿ ಡೆಕ್ಕಿನ ಆಳುಗಳ ಮುಖ್ಯಸ್ಥ. ಕುಳ್ಳ, ಹೊಟ್ಟೆ ಮುಂದೆ. ಕೆಲಸ ಮುಗಿದ ಮೇಲೆ ಒಂದು ಕೋಲು ಹಿಡಿದು ಹಡಗಿನ ಇಕ್ಕಟ್ಟಾದ ಓಣಿಯಲ್ಲಿ ಒಬ್ಬನೇ ಕೈಯಾಡಿಸುತ್ತಿದ್ದ. ದೇವು ನೋಡಿ ನಕ್ಕನಂತೆ. ರೊಡೆಲ್ ಅವನ ಕೈಗೂ ಒಂದು ಕೋಲು ಕೊಟ್ಟು ಹೊಡಿ ಎಂದ. ದೇವು ಕೈ ಎತ್ತುವಷ್ಟರಲ್ಲಿ ರೊಡೆಲನ ಕೋಲು ಮೂರು ಸಲ ಅವನ ಕಿವಿಯ ಪಕ್ಕ ಬಂದು ನಿಂತಿತ್ತು.

ಬಾಲಿಂತವಾಕ್ ಅಂತ ಅದರ ಹೆಸರು. ಸೆಬುವಿನ ಒಂದು ಬೀದಿಯ ಹೆಸರೇ ಆ ವಿದ್ಯೆಗೂ ಬಂದಿದೆಯಂತೆ. ನಮ್ಮೂರಿನವರ ನಾಲಿಗೆ ಅದಕ್ಕೆ ಹೊರಳಲಿಲ್ಲ, ದೇವಣ್ಣನ ಕೋಲು ಎಂದೇ ಕರೆದರು. ಅದರಲ್ಲಿ ಇರುವುದು ಒಂದೇ ಕೋಲು, ಬಲಗೈಯಲ್ಲಿ. ಎಡಗೈ ಖಾಲಿ. ಆದರೆ ಆ ಖಾಲಿ ಕೈಯೇ ಅಸಲು ಎಂದು ದೇವು ಹೇಳುತ್ತಿದ್ದ. ಎದುರಿನವನಿಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲಬೇಕು. ಎಡಗೈಯಿಂದ ಅವನ ಕೋಲಿನ ಕೈಯನ್ನು ಮುಟ್ಟುತ್ತ, ತಡೆಯುತ್ತ, ದೂಡುತ್ತ ಇರಬೇಕು. ಗುರು ಹೊಡೆಯುತ್ತಾನೆ, ಶಿಷ್ಯ ತಡೆದು ತಿರುಗಿ ಹೊಡೆಯುತ್ತಾನೆ, ಗುರು ಅದನ್ನು ತಡೆದು ಮತ್ತೆ ಹೊಡೆಯುತ್ತಾನೆ. ಹೀಗೆ ಗುರು ಒಬ್ಬೊಬ್ಬ ಶಿಷ್ಯನನ್ನೇ ಎದುರಿಗೆ ನಿಲ್ಲಿಸಿಕೊಂಡು ಕಲಿಸುವುದಕ್ಕೆ ಅಗಾಕ್ ಎನ್ನುತ್ತಾರೆ. ನಡೆಯಲು ಬಾರದವರನ್ನು ಕೈಹಿಡಿದು ನಡೆಸುವುದಕ್ಕೂ ಅವರ ಭಾಷೆಯಲ್ಲಿ ಅದೇ ಮಾತಂತೆ.

ಊರಲ್ಲಿ ದೇವು ಬಲೆ ಹೆಣೆಯುವ ಕೆಲಸ ಹಿಡಿದ. ಬೋಟುಗಳು ನಿಲ್ಲುವ ದಕ್ಕೆಯ ಹತ್ತಿರ ತಗಡಿನ ಬಲೆ ಶೆಡ್ ಇದೆ, ಅಲ್ಲಿ. ಒಂದು ದಿನ ಬೋಟಿನ ಬೀರ ಗೆಳೆಯರನ್ನು ಕಟ್ಟಿಕೊಂಡು ಬಂದ. ಬೀರ ಅಂದರೆ ನಮ್ಮೂರಿನ ಪೈಲ್ವಾನ, ಆರು ಅಡಿ. ಕೈಯಲ್ಲಿ ಬಿದಿರಿನ ಗಳ. "ದೇವಣ್ಣ, ನಿನ್ ಕಡ್ಡಿ ಎಂತ ಮಾಡ್ತದೆ ಕಾಂಬ" ಎಂದು ಬೀಸಿದ. ದೇವು ಹಿಂದೆ ಹೋಗಲಿಲ್ಲ, ಒಳಗೆ ನುಗ್ಗಿದ. ಎಡಗೈ ಬೀರನ ಮಣಿಕಟ್ಟಿನ ಮೇಲೆ. ಗಳ ನೆಲದ ಮೇಲೆ. ಬೆತ್ತದ ತುದಿ ಬೀರನ ಕಿವಿಯ ಪಕ್ಕ, ಒಂದು ಬೆರಳು ಆಚೆ. ಮರುದಿನ ಬೀರ ತನ್ನ ಮಗನನ್ನು ತಂದು ಬಿಟ್ಟ. ದೇವು ಮಾಸ್ತರನಾದ.

ನನ್ನ ಮಗಳು ಪ್ರಣಿತಾ ನಾನೂ ಹೋಗುತ್ತೇನೆ ಎಂದು ಹಟ ಹಿಡಿದಾಗ ಅವಳಿಗೆ ಹತ್ತು ವರ್ಷ. ನಾನು ಜಗಳಕ್ಕೇ ಹೋದೆ. "ಹೆಣ್ಣುಮಗು. ತಲೆ ಒಡೆದ್ರೆ ಯಾರು ನೋಡೂದು?"

ದೇವು ನಕ್ಕ. "ಹೊಡಿಯೂದು ಯಾವ ಕತ್ತೆಗಾದ್ರೂ ಬತ್ತದೆ ತಂಗಿ. ಬೀಸಿದ್ದನ್ನ ತಾಗದ ಹಾಂಗೆ ನಿಲ್ಸೂದು, ಅದೇ ಕಲ್ಯೂದು. ನಂಗೆ ಅದಕ್ಕೇ ಹತ್ತು ವರ್ಷ ಬೇಕಾತು."

ನಾಲ್ಕು ವರ್ಷದಲ್ಲಿ ನನ್ನ ಮಗಳ ತಲೆಯ ಮೇಲೆ ಒಂದು ಬುಗುಟು ಕೂಡ ಏಳಲಿಲ್ಲ. ಹನ್ನೊಂದು ಮಕ್ಕಳಿದ್ದರು, ಯಾರಿಗೂ ಏಳಲಿಲ್ಲ. ಅವರ ಶಿಸ್ತು ನೋಡಿ ನಾನು ಬೆರಗಾಗಿದ್ದೆ. ಸಂಜೆ ಶೆಡ್ಡಿನಲ್ಲೇ ಕ್ಲಾಸ್. ಚಪ್ಪಲಿಗಳೆಲ್ಲ ಗೋಡೆಯ ಬುಡಕ್ಕೆ ಒಂದೇ ಸಾಲಿನಲ್ಲಿ. ನಡುವೆ ಒಂದು ಹಗ್ಗದ ತುಂಡೂ ಬಿದ್ದಿರುವುದಿಲ್ಲ. ಸರದಿ ಬಂದ ಮಗು ಕೋಲನ್ನು ಎರಡು ಸಲ ನೆಲಕ್ಕೆ ಕುಟ್ಟಿ, "ಮಾಸ್ತರ್ರೇ, ನಾ ಪ್ರಣಿತಾ ಬಂದೆ" ಎಂದು ಗಟ್ಟಿಯಾಗಿ ಹೆಸರು ಹೇಳಿ, ತನ್ನ ಮಣಿಕಟ್ಟನ್ನು ಮಾಸ್ತರನ ಎಡಗೈಗೆ ಕೊಡುತ್ತಿತ್ತು. ಈಗಿನ ಕಾಲದಲ್ಲಿ ಎಷ್ಟು ವಿನಯ ಎಂದು ಮೆಚ್ಚಿ ನಾನು ಫೋನಿನಲ್ಲಿ ವಿಡಿಯೋ ಮಾಡಿದ್ದೆ. ಅದನ್ನು ಕಂಡವರಿಗೆಲ್ಲ ತೋರಿಸಿದ್ದೆ!

ಮೂರು ವರ್ಷದ ಹಿಂದಿನ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಲಕ್ಕಿಯ ಬಿ.ಪಿ. ನೋಡಲು ಅವರ ಮನೆಗೆ ಹೋಗಿದ್ದೆ. ಸಂಜೆ ದೀಪ ಹಚ್ಚುವ ಹೊತ್ತು. ದೇವು ಜಗಲಿಯಲ್ಲಿ ಕೂತು ದಕ್ಕೆಯ ಕಂಬದ ದೀಪವನ್ನೇ ನೋಡುತ್ತಿದ್ದ. "ಪ್ರಿಯಾ, ದೀಪಕ್ಕೆ ಗುಡಿ ಕಟ್ಟಿದೆ ಕಾಣು. ಬಣ್ಣ ಬಣ್ಣದ್ದು. ತಲೆ ಬೇರೆ ಸಿಡೀತದೆ" ಎಂದ. ಕಡಲ ದಂಡೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು, ಚಂದ್ರನ ಸುತ್ತ ಬಳೆಯಂತೆ ಗುಡಿ ಕಟ್ಟಿದರೆ ಮಳೆ ಬರುತ್ತದೆ, ದೋಣಿ ಇಳಿಸಬಾರದು. ನಾನು ಕಂಬದ ಕಡೆ ನೋಡಿದೆ. ಗುಡಿಯೂ ಇರಲಿಲ್ಲ, ಗೋಪುರವೂ ಇರಲಿಲ್ಲ. "ಗುಡಿ ಕಟ್ಟೂದು ಚಂದ್ರಂಗೆ ಮಾರಾಯ. ಕರೆಂಟ್ ಕಂಬಕ್ಕೆ ಕಟ್ಟಿದ್ರೆ ಮಳೆ ನಿನ್ ತಲೆ ಮೇಲೊಂದೇ ಬೀಳೂದು" ಎಂದು ನಕ್ಕು, ತಲೆನೋವಿಗೆ ಎರಡು ಗುಳಿಗೆ ಕೊಟ್ಟು ಬಂದೆ. ಅವನು ಮಾತ್ರ ಮಳೆ ಬರುತ್ತದೆಂದೇ ನಂಬಿ ಬೀರನ ಬೋಟನ್ನು ಎರಡು ದಿನ ಕಟ್ಟಿಸಿದ. ಹನಿ ಬೀಳಲಿಲ್ಲ. ಆಮೇಲೂ ನಾಲ್ಕೈದು ಸಲ ಗುಡಿ ಕಂಡೆನೆಂದ. ಊರಿನವರು ಗೇಲಿ ಮಾಡಿ ಮಾಡಿ, ಕೊನೆಗೆ ಅವನು ಹೇಳುವುದನ್ನೇ ಬಿಟ್ಟ.

ಇನ್ನು ಜನವರಿಗೆ ಬರುತ್ತೇನೆ. ಶಾಲೆಯಲ್ಲಿ ಕಣ್ಣಿನ ಶಿಬಿರ. ನಮ್ಮ ಜನಕ್ಕೆ ಡಾಕ್ಟರು ಅಂದರೆ ಚಳಿಜ್ವರ. ಹಾಗಾಗಿ ಊರಿಗೇ ಧೈರ್ಯಸ್ಥನಾದ ದೇವುವಿನ ಹೆಸರನ್ನು ಮೊದಲು ಬರೆದೆ. ಬರಲೊಲ್ಲೆ ಎಂದ. ನಾನು ಬಿಟ್ಟೇನೇ? "ನೀ ಬರದಿದ್ರೆ ಯಾರೂ ಬರೂದಿಲ್ಲ. ನನ್ ಮರ್ಯಾದೆ ಉಳ್ಸು" ಎಂದು ಗಂಟುಬಿದ್ದೆ. ಕೊನೆಗೆ ಒಪ್ಪಿದ.

ಕೋಣೆಯಲ್ಲಿ ಡಾಕ್ಟರಮ್ಮ ಇದ್ದರು, ಇನ್ನೂ ಎಳೆಯ ಹುಡುಗಿ. ಗೋಡೆಗೆ ಅಕ್ಷರದ ಪಟ ತೂಗುಹಾಕಿದ್ದರು. ದೇವು ಕುರ್ಚಿಯಲ್ಲಿ ನೆಟ್ಟಗೆ ಕೂತು ಓದಲು ಶುರುಮಾಡಿದ. ದೊಡ್ಡ ಅಕ್ಷರ, ಆಮೇಲೆ ಎರಡು, ಆಮೇಲೆ ಮೂರು. ಒಂದೂ ತಪ್ಪಿಲ್ಲ. ಬಾಗಿಲಲ್ಲಿ ಸಾಲುಗಟ್ಟಿ ನಿಂತವರ ಕಡೆ ತಿರುಗಿ ನಾನು, ನೋಡಿದಿರಾ ಎಂಬಂತೆ ಹುಬ್ಬು ಹಾರಿಸಿದೆ. ಡಾಕ್ಟರಮ್ಮ ಮಾತ್ರ ಅವನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ನಮಗೆ ಸುಮ್ಮನಿರಿ ಎಂದು ಬೆರಳು ತೋರಿಸಿ, ಸದ್ದಾಗದಂತೆ ಹೋಗಿ, ಪಟವನ್ನು ಮೊಳೆಯಿಂದ ತೆಗೆದು ಮೇಜಿನ ಮೇಲೆ ಮಗುಚಿಟ್ಟರು.

"ಕೊನೆಯ ಸಾಲು ಓದಿ" ಎಂದರು.

ದೇವು ಖಾಲಿ ಗೋಡೆಯನ್ನು ಓದಿದ. "ತ, ರ, ಗ, ಮ, ವ, ನ, ಪ."

ಸಾಲಿನಲ್ಲಿ ನಿಂತವರಲ್ಲಿ ಒಬ್ಬಳು ಅಯ್ಯೋ ದೇವರೇ ಎಂದಳು. ಅವನಿಗೆ ಅರ್ಥವಾಯಿತು. ತುಟಿ ಇನ್ನೂ ತೆರೆದಿತ್ತು, ಮುಖದ ಬಣ್ಣ ಇಳಿದುಹೋಯಿತು. ಡಾಕ್ಟರಮ್ಮ ಬಾಗಿಲು ಹಾಕಿಸಿ ಪರೀಕ್ಷೆ ಮಾಡಿದರು. ಕಣ್ಣಿನ ಒತ್ತಡದ ಕಾಯಿಲೆ. ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿನಲ್ಲಿ ಸಣ್ಣ ಕೊಳವೆಯೊಳಗಿಂದ ನೋಡಿದಷ್ಟು ಉಳಿದಿದೆ, ಅದೂ ಮಬ್ಬು. ಹೋದದ್ದು ತಿರುಗಿ ಬರುವುದಿಲ್ಲ. ಕುಮಟೆಯ ಕಣ್ಣಿನ ಆಸ್ಪತ್ರೆಗೆ ಹೋಗಿ ಲೇಸರ್ ಮಾಡಿಸಿ ದಿನವೂ ಔಷಧಿ ಬಿಟ್ಟರೆ ಉಳಿದದ್ದಾದರೂ ನಿಲ್ಲಬಹುದು. ತಡಮಾಡಿದರೆ ಅದೂ ಇಲ್ಲ.

ಆಮೇಲೆ ಅವರು ಕೇಳಿದರು, "ಶುರುವಿನಲ್ಲಿ ತಲೆನೋವು ಇತ್ತಾ? ಸಂಜೆ ಹೊತ್ತು ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿತ್ತಾ?"

"ಕಾಣ್ತಿತ್ತು" ಎಂದ ದೇವು. "ಮಳೆ ಅಂದ್ಕಂಡೆ."

"ಆಗಲೇ ಬಂದಿದ್ದರೆ ಎರಡೂ ಕಣ್ಣು ಉಳಿಯುತ್ತಿತ್ತು."

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ದೇವು ನನ್ನ ಹೆಸರು ಎತ್ತಲಿಲ್ಲ. ನಾನೂ ತುಟಿ ಬಿಚ್ಚಲಿಲ್ಲ.

ಅಕ್ಷರ ಬಾಯಿಪಾಠವಾದದ್ದು ಹೇಗೆ? ಪಟವನ್ನು ಹಿಂದಿನ ಸಂಜೆಯೇ ಗೋಡೆಗೆ ಹಾಕಿದ್ದರು. ಮನೆಗೆ ಹೋದವಳೇ ಪ್ರಣಿತಾಳ ನೋಟುಬುಕ್ಕು ತೆಗೆದೆ. ಕೊನೆಯ ಪುಟದಲ್ಲಿ ಇತ್ತು, ತ ರ ಗ ಮ ವ ನ ಪ. ಅವಳು ಶಾಲೆಯಿಂದ ಬರುವವರೆಗೆ ನಾನು ಹೊಸಿಲ ಮೇಲೇ ಕೂತಿದ್ದೆ.

"ನಿಂಗೆ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಿತ್ತು" ಎಂದಳು. "ಎರಡು ವರ್ಷ ಆತು. ಮಾಸ್ತರ್ರು ಹೇಳಿಲ್ಲ, ನಮಗೇ ಗೊತ್ತಾತು. ದೊಡ್ಡವ್ರಿಗೆ ಗೊತ್ತಾದ್ರೆ ಕ್ಲಾಸ್ ನಿಲ್ಲಿಸ್ತ್ರು ಅಂತ ಯಾರೂ ಹೇಳೂದು ಬೇಡ ಅಂತ ಮಾಡಿದ್ವು."

ಚಪ್ಪಲಿಯ ಸಾಲು, ನೆಲಕ್ಕೆ ಎರಡು ಕುಟ್ಟು, ಗಟ್ಟಿಯಾಗಿ ಹೇಳುವ ಹೆಸರು, ಎಡಗೈಗೆ ಕೊಡುವ ಮಣಿಕಟ್ಟು. ನನ್ನ ಫೋನಿನ ವಿಡಿಯೋದಲ್ಲಿ ಎಲ್ಲವೂ ಇತ್ತು. ಹತ್ತು ಹನ್ನೆರಡು ವರ್ಷದ ಹನ್ನೊಂದು ಪೋರರು ಒಬ್ಬ ಮನುಷ್ಯನ ಕುರುಡುತನವನ್ನು ಇಡೀ ಊರಿಗೆ ಕಾಣದಂತೆ ಮುಚ್ಚಿಟ್ಟಿದ್ದರು. ಊರಿನ ಕಣ್ಣು ತಪ್ಪಿಸುವುದೂ ಸುಲಭವೇ ಆಗಿತ್ತು. ಬಲೆ ಹೆಣೆಯುವವರು ಯಾರೂ ಕೈ ನೋಡುವುದಿಲ್ಲ, ಬೆರಳೇ ಬಲೆಯ ಕಣ್ಣು ಎಣಿಸುತ್ತದೆ, ಬಾಯಿ ಹರಟುತ್ತದೆ. ಲಕ್ಕಿಯಂತೂ ಚಹಾ ಗ್ಲಾಸನ್ನು ಕೈಗೇ ಕೊಡಬೇಕು ಎಂದು ಕೂರುವ ಅಣ್ಣನನ್ನು ಹಡಗಿನ ಸಾಹೇಬ ಎಂದು ಬಯ್ದುಕೊಂಡೇ ಎರಡು ವರ್ಷ ಕಳೆದಿದ್ದಳು. ದೀಪದ ಕೆಳಗೆ ಕತ್ತಲು ಅನ್ನುತ್ತಾರಲ್ಲ, ನಾವೆಲ್ಲ ಅಲ್ಲೇ ಕೂತಿದ್ದೆವು.

ನನಗೆ ಸಿಟ್ಟು ನೆತ್ತಿಗೇರಿತು. ಶೆಡ್ಡಿಗೆ ಹೋಗಿ ಕೂಗಾಡಿದೆ. "ನನ್ ಮಗಳ ತಲೆ ಮೇಲೆ ಎರಡು ವರ್ಷ ಕಾಣದೇ ಕೋಲು ಬೀಸಿದ್ಯಲ್ಲ! ಹೆಚ್ಚುಕಮ್ಮಿ ಆಗಿದ್ರೆ?"

ಅವನು ಬಲೆಯಿಂದ ಕೈ ತೆಗೆಯಲಿಲ್ಲ. "ಆಗಿಲ್ವಲ್ಲ."

"ನಾಳೆ ಕುಮಟೆಗೆ ನಡಿ."

"ಬರೂದಿಲ್ಲ. ಆಸ್ಪತ್ರೆಗೆ ಹೋದ್ರೆ ಊರಿಗೆಲ್ಲ ಗೊತ್ತಾತದೆ. ಶಿಬಿರದಲ್ಲಿ ಕಂಡವ್ರಿಗೆ ಕನ್ನಡಕ ಬೇಕಂತೆ ಅಂತ ಹೇಳಿದ್ದೆ, ನಂಬಿದ್ರು. ಕಣ್ಣು ಹೋದ್ರೆ ಹೋತು ತಂಗಿ. ಮಕ್ಕಳು ಬರೂದು ನಿಂತ್ರೆ ನಾ ಸಂಜೆ ಎಂತ ಮಾಡೂದು?"

ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ. ಹೀಗೆ ಮಾತಾಡುವವನಿಗೆ ನನ್ನ ಯಾವ ರಿಜಿಸ್ಟರಿನಲ್ಲಿ ಔಷಧಿ ಬರೆದಿದೆ? ಎರಡು ದಿನ ಊಟ ಸೇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆ ಕೊಳವೆಯಷ್ಟು ಬೆಳಕೂ ಆರುತ್ತದೆ. ಬಾಯಿ ಬಿಟ್ಟರೆ ಅವನ ಸಂಜೆಗಳನ್ನು ನಾನೇ ಕಿತ್ತುಕೊಂಡ ಹಾಗೆ. ಕೊನೆಗೆ ರವಿವಾರ ನಾಲ್ಕು ಗಂಟೆಗೆ ಹನ್ನೊಂದು ಮಕ್ಕಳ ತಂದೆತಾಯಿಗಳನ್ನು ಬಲೆ ಶೆಡ್ಡಿಗೆ ಕರೆದೆ. ದೇವುವನ್ನೂ ಕೂರಿಸಿಕೊಂಡೆ. ಅವನಿಗೆ ಕಣ್ಣು ಕಾಣುವುದಿಲ್ಲ ಎಂದು ಸುತ್ತುಬಳಸದೆ ಹೇಳಿಬಿಟ್ಟೆ.

ಲಕ್ಕಿ ಸೆರಗು ಬಾಯಿಗೆ ತುರುಕಿಕೊಂಡಳು. ಆಮೇಲೆ ಬೀರ ಎದ್ದ. ನಾನು ಎರಡು ದಿನದ ಹಿಂದೆ ಕೂಗಿದ್ದನ್ನೇ ಅವನೂ ಕೂಗಿದ, ನನಗಿಂತ ದೊಡ್ಡ ಗಂಟಲಿನಲ್ಲಿ. "ಕುರ್ಡನ ಕೈಲಿ ಕೋಲು ಕೊಟ್ಟು ನಮ್ ಮಕ್ಕಳನ್ನ ಮುಂದೆ ನಿಲ್ಲಿಸಿದ್ವಾ? ನಾಳಿಂದ ಬಂದ್! ಒಬ್ನೂ ಬರೂದಿಲ್ಲ!" ನಾಲ್ಕಾರು ತಲೆಗಳು ಅಲ್ಲಾಡಿದವು. ದೇವು ತಲೆ ತಗ್ಗಿಸಿದ. ತನ್ನ ಬೆತ್ತವನ್ನು ತೊಡೆಯ ಮೇಲಿಂದ ತೆಗೆದು ನೆಲದ ಮೇಲೆ ಇಟ್ಟ.

ಅದನ್ನು ನನ್ನಿಂದ ನೋಡಲಾಗಲಿಲ್ಲ. ಯೋಚನೆ ಮಾಡಿದ್ದರೆ ಖಂಡಿತ ಏಳುತ್ತಿರಲಿಲ್ಲ. ಎದ್ದು ಹೋಗಿ ಬೆತ್ತ ಎತ್ತಿ ಅವನ ಬಲಗೈಗೆ ತುರುಕಿದೆ. "ಮಾಸ್ತರ್ರೇ, ನಾ ಪ್ರಿಯಾ ಬಂದೆ" ಎಂದು ನನ್ನ ಮಣಿಕಟ್ಟನ್ನು ಅವನ ಎಡಗೈಗೆ ಕೊಟ್ಟೆ. ಜನ್ಮದಲ್ಲಿ ಕೋಲು ಹಿಡಿದವಳಲ್ಲ ನಾನು. "ಬೀಸು. ಬೀರ ನೋಡ್ಲಿ."

"ಅಲ್ಲಾಡಬೇಡ" ಎಂದ ಮೆಲ್ಲಗೆ. "ಅಲ್ಲಾಡಿದ್ರೂ ಅಡ್ಡಿಲ್ಲ."

ಕೋಲು ಬಂತು. ಬಂದದ್ದು ಕಾಣಲಿಲ್ಲ, ಎಡಗಿವಿಗೆ ಗಾಳಿ ಮಾತ್ರ ತಾಗಿತು. ಬಲಗಿವಿ. ಹೆಗಲು. ನೆತ್ತಿ. ಪ್ರತಿ ಸಲವೂ ಬಂದು ನಿಂತಿತು. ಐದನೆಯದಕ್ಕೆ ನನ್ನ ಧೈರ್ಯ ಕೈಕೊಟ್ಟು ತಲೆಯನ್ನು ಹಿಂದಕ್ಕೆ ಎಳೆದುಕೊಂಡೆ. ನನ್ನ ಮಣಿಕಟ್ಟಿನ ಮೇಲಿದ್ದ ಅವನ ಬೆರಳಿಗೆ ಅದು ನನಗಿಂತ ಮೊದಲೇ ಗೊತ್ತಾಗಿರಬೇಕು. ಕೋಲು ದಾರಿಯಲ್ಲೇ ತಿರುಗಿ ನಾನು ಹೋದಲ್ಲಿಗೆ ಬಂತು, ಬಂದು ನನ್ನ ಬೆಂಡೋಲೆಗೆ ತಾಗಿ ಟಿಣ್ ಎಂದಿತು. ಚರ್ಮಕ್ಕೆ ತಾಗಲಿಲ್ಲ. ಬೀರ ನಿಂತವನು ಹಾಗೇ ಬಲೆಯ ರಾಶಿಯ ಮೇಲೆ ಕೂತ.

"ಅವ್ನ ಕೈಗೆ ಕಣ್ಣದೆ ಮಾರಾಯ" ಎಂದ ತನ್ನಷ್ಟಕ್ಕೆ. ಯಾರೋ ನಕ್ಕರು, ಲಕ್ಕಿ ಗೊಳೋ ಎಂದು ಅತ್ತಳು. ಕ್ಲಾಸ್ ನಿಲ್ಲಿಸುವ ಮಾತು ಅಲ್ಲಿಗೆ ಮುಗಿಯಿತು. ಆಸ್ಪತ್ರೆಗೆ ಕರೆದೊಯ್ಯಲು ತನ್ನ ರಿಕ್ಷಾ ತರುವುದಾಗಿ ಒಬ್ಬ ಎದ್ದು ಹೇಳಿದ.

ಆಗ ಪ್ರಣಿತಾ ನನ್ನ ಹತ್ತಿರ ಬಂದಳು. ಅವಳ ಮುಖ ನೋಡಿ ನನಗೆ ಭಯವಾಯಿತು.

"ಅಮ್ಮಾ, ನಾವು ಎರಡು ವರ್ಷದ ಹಿಂದೆ ನಿಂಗೆ ಹೇಳಿದ್ರೆ ಮಾಸ್ತರ್ರ ಕಣ್ಣು ಉಳೀತಿತ್ತಾ?"

ಉಳಿದ ಹತ್ತು ಮಕ್ಕಳೂ ನನ್ನ ಬಾಯನ್ನೇ ನೋಡುತ್ತಿದ್ದವು. ಸುಳ್ಳು ಹೇಳಬಹುದಿತ್ತು. ಸುಮ್ಮನೆಯೂ ಇರಬಹುದಿತ್ತು. ಶಿಬಿರದ ಕೋಣೆಯಿಂದ ಇಲ್ಲಿಯವರೆಗೆ ಸುಮ್ಮನೆ ಇದ್ದವಳೇ ತಾನೇ ನಾನು? ಆದರೆ ಸುಮ್ಮನಿದ್ದರೆ ಆ ಭಾರವನ್ನು ಈ ಹನ್ನೊಂದು ಮಕ್ಕಳು ಸಾಯುವ ತನಕ ಹೊರಬೇಕು. ಅದು ಅವರ ಹೊರೆ ಆಗಿರಲಿಲ್ಲ.

"ನಿಮಗಿಂತ ಮೊದ್ಲು ಅವ್ರೇ ನಂಗೆ ಹೇಳಿದ್ರು" ಎಂದೆ. "ಮೂರು ವರ್ಷದ ಹಿಂದೆ. ದೀಪಕ್ಕೆ ಗುಡಿ ಕಟ್ಟಿದೆ, ತಲೆ ಸಿಡೀತದೆ ಅಂದ್ರು. ಅದೇ ಈ ಕಾಯಿಲೆಯ ಶುರು. ಕಲ್ತವಳು ನಾನು, ನಾನು ನಕ್ಕೆ. ಎರಡು ಗುಳಿಗೆ ಕೊಟ್ಟು ಹೋದೆ. ಆವತ್ತೇ ಕರಕೊಂಡು ಹೋಗಿದ್ರೆ ಎರಡೂ ಕಣ್ಣು ಉಳೀತಿತ್ತು. ತಪ್ಪು ನಂದು ಮಗಾ. ನಿಮ್ದಲ್ಲ."

ಊರೆದುರು ಅಷ್ಟು ಸಣ್ಣವಳಾಗಿ ನಾನು ಯಾವತ್ತೂ ನಿಂತದ್ದಿಲ್ಲ. ಬೀರ ಮುಖವನ್ನು ಆಚೆ ತಿರುಗಿಸಿದ. ಬೋಟು ಕಟ್ಟಿಸಿದ್ದಕ್ಕೆ ಎಲ್ಲರಿಗಿಂತ ಹೆಚ್ಚು ಗೇಲಿ ಮಾಡಿದವನು ಅವನೇ.

ದೇವು ಇನ್ನೂ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. "ಅದನ್ನ ನೀ ಹೇಳೂದು ಬೇಕಿರ್ಲಿಲ್ಲ ತಂಗಿ" ಎಂದ. "ನಾ ಅಂತೂ ಹೇಳ್ತಿರ್ಲಿಲ್ಲ."

ನಾನು ಅತ್ತೆ. ಅಳು ನಿಂತ ಮೇಲೆ ಕೇಳಿದೆ, "ನಾಳೆ ಕುಮಟೆಗೆ ಬತ್ಯಾ?"

"ಬತ್ತೆ."

ಎಡಗಣ್ಣಿನ ಕೊಳವೆಯಷ್ಟು ಬೆಳಕು ಇನ್ನೂ ಇದೆ. ಲಕ್ಕಿ ಬೈಯುತ್ತಲೇ ದಿನಕ್ಕೆ ಎರಡು ಹೊತ್ತು ಔಷಧಿ ಬಿಡುತ್ತಾಳೆ. ಬಲಗಣ್ಣು ಹೋದದ್ದು ಹೋಯಿತು. ಕ್ಲಾಸಿಗೆ ಈಗ ಹದಿನಾಲ್ಕು ಮಕ್ಕಳು. ಸಂಜೆ ಪ್ರಣಿತಾ ಮಾಸ್ತರನ ಕೈಹಿಡಿದು ಮನೆಯಿಂದ ಶೆಡ್ಡಿಗೆ ಕರೆತರುತ್ತಾಳೆ. ಮುಚ್ಚಿಡುವುದು ಏನೂ ಇಲ್ಲವಲ್ಲ. "ಈಗ ನೀ ನಂಗೆ ಅಗಾಕ್ ಮಾಡೂದು" ಎಂದು ಅವನು ಅವಳನ್ನು ರೇಗಿಸುತ್ತಾನೆ.

ನಾನು ಮನೆ ಮನೆಗೆ ಹೋಗುವುದು ನಿಂತಿಲ್ಲ. ಬಿ.ಪಿ., ಸಕ್ಕರೆ ಕೇಳಿದ ಮೇಲೆ ಎಲ್ಲರಿಗೂ ಇನ್ನೊಂದು ಪ್ರಶ್ನೆ ಕೇಳುತ್ತೇನೆ, "ಸಂಜೆ ದೀಪಕ್ಕೆ ಗುಡಿ ಕಟ್ಟಿದ ಹಾಂಗೆ ಕಾಣ್ತದಾ?" ಜನ ನಗುತ್ತಾರೆ. ಮಳೆ ಯಾವಾಗ ಅಂತ ನನ್ನನ್ನೇ ಕೇಳುತ್ತಾರೆ. ನಗಲಿ.

ಹೋದ ಮಂಗಳವಾರ ದಕ್ಕೆಯ ಆಚೆ ಮೀನು ಒಣಗಿಸುವ ಸಣ್ಣಿ ಎಂಬವಳಿಗೂ ಕೇಳಿದೆ. ಅವಳು ನಗಲಿಲ್ಲ. ಬಂಗಡೆ ತಿರುವುತ್ತಿದ್ದ ಕೈ ಹಾಗೇ ನಿಂತಿತು.

"ನಿಂಗೆ ಯಾರು ಹೇಳಿದ್ರು?" ಎಂದಳು.

ರಿಜಿಸ್ಟರನ್ನು ಅಲ್ಲೇ ಮೀನಿನ ಚಾಪೆಯ ಮೇಲೆ ಬಿಟ್ಟು, ಅವಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಕುಮಟೆಗೆ ಹೊರಟೆ.